ತಪ್ಪು ನಡಿಗೆಯ ಮಾದರಿ

ತಪ್ಪು ನಡೆಯುವುದು ಹೇಗೆ ಎಂದು ತೋರಿಸಿಕೊಡಲು ನನ್ನನ್ನು ಕರೆದರು. ರೇಸ್ ವಾಕಿಂಗ್‌ಗೆ ಹೊಸ ತೀರ್ಪುಗಾರರನ್ನು ತಯಾರು ಮಾಡುವ ತರಬೇತಿಯೊಂದು ಪದ್ಮನಾಭನಗರದ ಶಾಲೆಯಲ್ಲಿ ನಡೆಯುತ್ತಿತ್ತು. ಒಳಗೆ ಕೂತು ನಿಯಮ ಓದಿದ ಮೇಲೆ ಹೊರಗೆ ರಸ್ತೆಯಲ್ಲಿ ನಿಜವಾದ ನಡಿಗೆಯನ್ನೂ ನೋಡಬೇಕಲ್ಲ, ಅದಕ್ಕೆ ಇಬ್ಬರು ಬೇಕಾಗಿದ್ದರು. ನಿಯಮದಂತೆ ನಡೆಯುವವಳು ಒಬ್ಬಳು, ನಿಯಮ ಮುರಿದು ನಡೆಯುವವಳು ಇನ್ನೊಬ್ಬಳು. ಎರಡನೆಯವಳು ಯಾರಾಗಬೇಕೆಂದು ಅವರು ಹೆಚ್ಚು ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ.

ಫೋನು ಬಂದದ್ದು ನನ್ನ ಕೋಚ್‌ಗೆ. ಅವರು ಚಿಕ್ಕಲಸಂದ್ರದ ಹಳೆಯ ಊರಿನವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಬಾಡಿಗೆ ಮನೆಗಳು ನಿಂತಿವೆ, ಅವುಗಳಲ್ಲೊಂದರ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ನಾನಿದ್ದೇನೆ. ಬಟ್ಟೆ ಒಣಗಹಾಕುತ್ತಿದ್ದಾಗ ಅವರು ಮೆಟ್ಟಿಲು ಹತ್ತಿ ಬಂದರು. ಬಾಡಿಗೆ ಕೇಳುವುದಕ್ಕೂ ಅವರು ಮೇಲೆ ಬರುವವರಲ್ಲ, ಹಾಗಾಗಿ ಏನೋ ಇದೆ ಎಂದುಕೊಂಡೆ.

"ತೀರ್ಪುಗಾರರ ಕ್ಲಾಸ್ ನಡೆಸ್ತಿದಾರಲ್ಲ, ಆ ಹಿರಿಯರು ಫೋನ್ ಮಾಡಿದ್ರು ಕಣಮ್ಮ. ಭಾನುವಾರ ಅಂಜನಾಪುರದಲ್ಲಿ ಡೆಮೋ ಇದೆಯಂತೆ. ನಿನ್ನ ಕಳ್ಸಿ ಅಂದ್ರು."

"ಏನ್ ಡೆಮೋ ಸಾರ್?"

"ಅದೇ... ಮಂಡಿ ಮಡಿಚಿ, ಕಾಲು ಎತ್ತಿ. ಫೌಲ್ ಹೆಂಗಿರುತ್ತೆ ಅಂತ ತೋರ್ಸೋಕೆ."

"ಅಲ್ಲೂ ನಾನೇನಾ?"

ಅವರು ತಂತಿಯಿಂದ ಜಾರಿ ಬಿದ್ದಿದ್ದ ನನ್ನ ಟವೆಲನ್ನು ಎತ್ತಿ, ಕೊಡವಿ, ಕೈಗೆ ಕೊಟ್ಟರು.

ಈ ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ರೇಸ್ ವಾಕಿಂಗ್ ಎಂದರೆ ಓಡದೆ, ಓಟದಷ್ಟೇ ಅವಸರದಲ್ಲಿ ನಡೆಯುವುದು. ನಿಯಮ ಎರಡೇ. ಒಂದು ಕಾಲು ಯಾವಾಗಲೂ ನೆಲದ ಮೇಲಿರಬೇಕು, ಎರಡೂ ಕಾಲು ಒಟ್ಟಿಗೆ ಗಾಳಿಯಲ್ಲಿದ್ದದ್ದು ಕಣ್ಣಿಗೆ ಕಂಡರೆ ತಪ್ಪು. ಮುಂದಿಟ್ಟ ಕಾಲಿನ ಹಿಮ್ಮಡಿ ನೆಲ ಮುಟ್ಟಿದಾಗಿನಿಂದ ದೇಹ ಅದರ ಮೇಲೆ ನೆಟ್ಟಗೆ ಬರುವವರೆಗೆ ಮಂಡಿ ಮಡಿಚಬಾರದು, ಮಡಿಚಿದರೆ ಅದೂ ತಪ್ಪು. ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರೆ. ಅನುಮಾನ ಬಂದರೆ ಹಳದಿ ಫಲಕ ತೋರಿಸಿ ಎಚ್ಚರಿಸುತ್ತಾರೆ. ತಪ್ಪು ಖಚಿತವಾದರೆ ರೆಡ್ ಕಾರ್ಡ್ ಬರೆಯುತ್ತಾರೆ, ಅದು ಬೋರ್ಡಿನ ಮೇಲೆ ನಮ್ಮ ನಂಬರಿನ ಎದುರು ಕೆಂಪು ಗುರುತಾಗಿ ಕೂರುತ್ತದೆ. ಬೇರೆ ಬೇರೆ ಮೂವರಿಂದ ಮೂರು ಕೆಂಪು ಬಿದ್ದರೆ ಚೀಲ ಎತ್ತಿಕೊಂಡು ಮನೆಗೆ ಹೋಗಬೇಕು. ಇದರಲ್ಲಿ ಕ್ಯಾಮೆರಾ ಇಲ್ಲ, ಯಂತ್ರ ಇಲ್ಲ. ಎಲ್ಲವೂ ನೋಡುವವರ ಕಣ್ಣಿಗೆ ಬಿಟ್ಟದ್ದು.

ಆ ಕಣ್ಣೇ ನನ್ನ ಪಾಲಿನ ಗ್ರಹಚಾರವಾಗಿತ್ತು. ಹಿಂದಿನ ಎರಡು ಸ್ಪರ್ಧೆಗಳಲ್ಲೂ ಮೂರು ಮೂರು ಕೆಂಪು ಬಿದ್ದು ನಾನು ಅರ್ಧ ದಾರಿಯಲ್ಲಿ ಹೊರಬಂದಿದ್ದೆ. ಎರಡೂ ಸಲ ಮಂಡಿಗೆ.

ನಾನು ಸಿದ್ದಿ. ಯಲ್ಲಾಪುರದ ಕಡೆಯವಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ತಂದವರು ಯಾರು, ಯಾವ ಕಾಲದಲ್ಲಿ ಎನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಬೆಂಗಳೂರಿನಲ್ಲಿ ಮಾತ್ರ ಎಲ್ಲರಿಗೂ ಗೊತ್ತು. ಆಟೋದವರು "ವೇರ್ ಗೋ ಮೇಡಂ" ಎನ್ನುತ್ತಾರೆ. ಜಯನಗರದ ತರಕಾರಿ ಅಂಗಡಿಯಲ್ಲಿ ಬೆರಳು ಮಡಿಚಿ ಲೆಕ್ಕ ತೋರಿಸುತ್ತಾರೆ. "ಅಣ್ಣ, ಬೆಂಡೆಕಾಯಿ ಕಾಲು ಕೇಜಿ ಎಷ್ಟು?" ಎಂದರೆ ಕಣ್ಣರಳಿಸಿ, "ಕನ್ನಡ ಸಖತ್ತಾಗ್ ಕಲ್ತಿದೀರ ಮೇಡಂ" ಎಂದು ಎರಡು ಕಾಯಿ ಹೆಚ್ಚು ಹಾಕುತ್ತಾರೆ. ಬೇಡ ಎನ್ನಲು ನನಗೇನು ಹುಚ್ಚೇ? ಆದರೆ ಆ ಬೆಂಡೆಕಾಯಿ ಹೆಚ್ಚುವಾಗ ಕೆಲವು ಸಲ ಅಳು ಬಂದದ್ದಿದೆ. ಈರುಳ್ಳಿಯ ನೆಪ ಕೂಡ ಇರುತ್ತಿರಲಿಲ್ಲ.

ಆಟಕ್ಕೆ ನನ್ನನ್ನು ಸೇರಿಸಿದ್ದೂ ಇದೇ ಕಣ್ಣು. ಶಾಲೆಯಲ್ಲಿದ್ದಾಗ ನನ್ನ ಕೂದಲು, ಮೈಬಣ್ಣ ನೋಡಿ ಓಟಕ್ಕೆ ಆರಿಸಿದರು. "ಓಟ ನಿಮ್ಮ ರಕ್ತದಲ್ಲೇ ಇದೆ" ಎಂದರು. ರಕ್ತದಲ್ಲಿ ಇತ್ತೋ ಏನೋ, ತೊಡೆಯಲ್ಲಿ ಇರಲಿಲ್ಲ. ನೂರು ಮೀಟರು, ಇನ್ನೂರು ಮೀಟರು ಎಂದು ಓಡಿಸಿ ಓಡಿಸಿ ತೊಡೆಯ ಹಿಂದಿನ ಸ್ನಾಯು ಎರಡು ಸಲ ಹರಿಯಿತು. ಎರಡನೆಯ ಸಲ ಹರಿದಾಗ, ಇನ್ನು ಓಡಿದರೆ ಕುಂಟುತ್ತೀಯ ಎಂದು ಡಾಕ್ಟರು ಹೇಳಿಬಿಟ್ಟರು. ಆಗ, ಗಾಯ ವಾಸಿಯಾಗಲೆಂದು ಬನಶಂಕರಿಯ ಮೈದಾನದಲ್ಲಿ ಸುಮ್ಮನೆ ನಡೆಯುತ್ತಿದ್ದವಳನ್ನು ನೋಡಿ ಈ ಕೋಚ್ ಸಾರ್ ಹತ್ತಿರ ಬಂದು, "ಸೊಂಟ ಚೆನ್ನಾಗಿ ತಿರುಗುತ್ತೆ ಕಣಮ್ಮ, ನಡೀತೀಯಾ?" ಎಂದು ಕೇಳಿದ್ದರು.

ನಡಿಗೆಯನ್ನು ನಾನು ಕಲಿತೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನನ್ನ ಬದುಕಿನಲ್ಲಿ ರಕ್ತದಲ್ಲೇ ಇದೆ ಎಂದು ಯಾರೂ ಹೇಳದ ವಿದ್ಯೆ ಇದೊಂದೇ. ಹಿಮ್ಮಡಿ ಊರುವುದನ್ನು ತಿಂಗಳುಗಟ್ಟಲೆ ಕಲಿತೆ. ಪಾದದ ಬೆರಳು ಮೇಲಿರಬೇಕು, ಮಂಡಿ ಕೋಲಿನ ಹಾಗಿರಬೇಕು, ಸೊಂಟ ಮುಂದಕ್ಕೆ ಉರುಳಬೇಕು, ಕೈಗಳು ಎದೆಗಿಂತ ಮೇಲೆ ಬರಬಾರದು. ನೋಡುವವರಿಗೆ ನಗು ಬರುವ ನಡಿಗೆ. ಬೆಳಗಿನ ವಾಕಿಂಗಿನ ಅಂಕಲ್‌ಗಳು ನಕ್ಕೂ ಇದ್ದಾರೆ. ನಗಲಿ, ಅದು ನನ್ನ ನಡಿಗೆಗೆ ನಕ್ಕದ್ದು, ನನಗಲ್ಲ ಎಂದು ಸಮಾಧಾನವಾಗುತ್ತಿತ್ತು.

ಎರಡನೆಯ ಸಲ ಹೊರಬಿದ್ದ ದಿನ ತೀರ್ಪುಗಾರರೊಬ್ಬರು ಕೋಚ್ ಹೆಗಲ ಮೇಲೆ ಕೈಹಾಕಿ, ನನ್ನೆದುರೇ, ಬಹಳ ಪ್ರೀತಿಯಿಂದ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ಸಾರ್. ಅವರ ಕಾಲೇ ಸ್ಪ್ರಿಂಗು. ಓಡೋಕೆ ಹುಟ್ಟಿರೋರನ್ನ ನಡೀರಿ ಅಂದ್ರೆ ಎಲ್ಲಿ ನಡೀತಾರೆ?" ನಮ್ಮ ಕ್ಲಬ್ಬಿನ ಕಾರ್ಯದರ್ಶಿ ಅಷ್ಟು ಪ್ರೀತಿ ತೋರಿಸಲಿಲ್ಲ. ಮಂಡಿ ಸರಿಯಾಗಿಯೇ ಇತ್ತು ಎಂದು ನಾನು ವಾದಿಸಿದ್ದಕ್ಕೆ, "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು. ಮುಂದಿನ ರಾಜ್ಯ ತಂಡದ ಆಯ್ಕೆಗೆ ಇನ್ನೊಂದು ಸಲ ಹೆಸರು ಕಳಿಸುತ್ತೇನೆ, ಅಲ್ಲೂ ಹೊರಬಿದ್ದರೆ ಕ್ಲಬ್ಬಿನಿಂದ ನಡಿಗೆಗೆ ನಿನ್ನ ಹೆಸರು ಹೋಗುವುದಿಲ್ಲ, ಓಟಕ್ಕೆ ವಾಪಸು ಹೋಗು ಎಂದರು. ಓಡುವ ತೊಡೆ ನನಗೆ ಉಳಿದಿರಲಿಲ್ಲ. ಅಂದರೆ ಆಟವೇ ಮುಗಿದ ಹಾಗೆ.

ಆಮೇಲಿನ ವಾರಗಳಲ್ಲಿ ನಾನು ಹಾಳಾದೆ. ಕೋಚ್ ಸಾರ್ ಬನಶಂಕರಿಯ ಪಕ್ಕದ ರಸ್ತೆಯೊಂದರಲ್ಲಿ ನನ್ನನ್ನು ನಡೆಸಿ, ಫೋನಿನಲ್ಲಿ ಹಿಡಿದು, ನಿಧಾನಕ್ಕೆ ಓಡಿಸಿ ತೋರಿಸುತ್ತಿದ್ದರು. ಪ್ರತಿ ಹೆಜ್ಜೆಯಲ್ಲೂ ಮಂಡಿ ನೆಟ್ಟಗೇ ಇರುತ್ತಿತ್ತು. "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ, ಬಿಡು" ಎನ್ನುತ್ತಿದ್ದರು. ಆದರೆ ನನಗೇ ನಂಬಿಕೆ ಹೋಗಿತ್ತು. ಅಷ್ಟು ಜನ, ಬೇರೆ ಬೇರೆ ಕಡೆ ನಿಂತವರು, ಎಲ್ಲರೂ ಸುಳ್ಳೇ? ಇನ್ನೂ ನೆಟ್ಟಗೆ ಇಡುತ್ತೇನೆಂದು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟತೊಡಗಿದೆ, ಮೊಣಕಾಲಿನ ಕೆಳಗೆ ಮುಂದಿನ ಮೂಳೆ ನೋಯತೊಡಗಿತು. ಹೆಜ್ಜೆ ಚಿಕ್ಕದು ಮಾಡಿದೆ, ವೇಗ ಹೋಯಿತು. ಕೋಣೆಯಲ್ಲಿ ಕನ್ನಡಿ ಕೆಳಗಿಟ್ಟುಕೊಂಡು ನನ್ನ ಮಂಡಿಯನ್ನೇ ನೋಡುತ್ತಾ ಕೂರುತ್ತಿದ್ದೆ. ಕರೀ ಮಂಡಿ, ಅಮ್ಮನದರ ಹಾಗೆಯೇ ಇರುವ ಮಂಡಿ. ಅದರ ಮೇಲೆ ದ್ವೇಷ ಬಂತು ನನಗೆ. ಆ ದಿನಗಳಿಗಾಗಿ ಇವತ್ತಿಗೂ ನಾನು ಯಾರನ್ನೂ ಕ್ಷಮಿಸಿಲ್ಲ.

ಇಂಥ ಹೊತ್ತಿನಲ್ಲಿ ಡೆಮೋಗೆ ಕರೆ ಬಂದಿತ್ತು.

"ನಾನ್ ಹೋಗಲ್ಲ ಸಾರ್."

"ಆಯ್ಕೆ ಟ್ರಯಲ್ಸಲ್ಲಿ ತಿರುವಲ್ಲಿ ನಿಂತ್ಕೊಳ್ಳೋದೂ ಆ ಹಿರಿಯರೇ ಕಣಮ್ಮ."

"ಅದಕ್ಕೆ?"

"ಅದಕ್ಕೆ ಅಷ್ಟೇ. ದೊಡ್ಡೋರು ಕರೆದ್ರು, ಹೋಗಿ ಬರೋಣ. ಒಂದು ಗಂಟೆ ಕೆಲ್ಸ."

ಅವರ ಭಯ ನನಗೆ ಅರ್ಥವಾಗುತ್ತಿತ್ತು, ಅದಕ್ಕೇ ಕೋಪ ಇನ್ನೂ ಹೆಚ್ಚಾಯಿತು. ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಒಂದು ತಮಾಷೆ ನಡೆಯಿತು. ತಪ್ಪು ನಡೆಯಲು ನನಗೆ ಬರುತ್ತಿರಲಿಲ್ಲ. ಶನಿವಾರ ಸಂಜೆ ತಾರಸಿಯ ಮೇಲೆ ನೀರಿನ ಟ್ಯಾಂಕಿನಿಂದ ಬಟ್ಟೆಯ ತಂತಿಯವರೆಗೆ ಅಭ್ಯಾಸ ಮಾಡಿದೆ. ಹಿಮ್ಮಡಿ ಊರುವಾಗ ಮಂಡಿ ಸಡಿಲ ಬಿಡು ಎಂದು ತಲೆ ಹೇಳುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ಕೋಚ್ ಸಾರ್ ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿದ್ದರು.

"ಇಲ್ಲ, ಇದೂ ಸರಿಯಾಗೇ ಇದೆ."

"ಈಗ?"

"ಇದೂ ಸರಿಯಾಗಿದೆ. ಸ್ವಲ್ಪ ಕುಂಟ್ದಂಗೆ ಮಾಡು."

ಕುಂಟಿದೆ. ಇಬ್ಬರಿಗೂ ನಗು ಬಂತು. ನಗುತ್ತಿದ್ದ ಹಾಗೆಯೇ ನಾನು ಟ್ಯಾಂಕಿನ ಕಡೆ ಮುಖ ತಿರುಗಿಸಿದೆ, ಅವರು ಎದ್ದು ಕೆಳಗೆ ಹೋಗಿ ಅವರ ಹೆಂಡತಿಯ ಕೈಯಲ್ಲಿ ಟೀ ಕಳಿಸಿದರು.

ಅಂಜನಾಪುರದ ಆ ರಸ್ತೆ ಅಗಲವಾಗಿದೆ, ಹೊಸ ಡಾಂಬರು. ಎರಡೂ ಕಡೆ ಇನ್ನೂ ಮನೆ ಏಳದ ಸೈಟುಗಳು, ಅಲ್ಲಲ್ಲಿ ಅರ್ಧಕ್ಕೆ ನಿಂತ ಕಟ್ಟಡ. ಭಾನುವಾರ ಬೆಳಿಗ್ಗೆ ಹಾಲಿನ ಗಾಡಿ ಬಿಟ್ಟರೆ ಬೇರೇನೂ ಬರುವುದಿಲ್ಲ. ತರಬೇತಿಗೆ ಬಂದವರೆಲ್ಲ ಶಾಲೆ ಕಾಲೇಜುಗಳ ಪಿ.ಟಿ. ಟೀಚರುಗಳು, ಹನ್ನೆರಡು ಮಂದಿ ಇರಬಹುದು. ತಲೆಗೆ ಟೋಪಿ, ಕೈಯಲ್ಲಿ ಹಳದಿ ಫಲಕ. ಫಲಕದ ಒಂದು ಮುಖದಲ್ಲಿ ಮಡಿಚಿದ ಮಂಡಿಯ ಗುರುತು, ಇನ್ನೊಂದು ಮುಖದಲ್ಲಿ ನೆಲ ಬಿಟ್ಟದ್ದಕ್ಕೆ ಅಲೆಯ ಗುರುತು. ಹಿರಿಯ ತೀರ್ಪುಗಾರರು ಬಿಳಿ ಪ್ಯಾಂಟು ಹಾಕಿ ಬಂದಿದ್ದರು. ಒರಟು ಮನುಷ್ಯರಲ್ಲ ಅವರು. ತಿಂಡಿ ಆಯಿತಾ ಎಂದು ಕೇಳಿದರು, ಬಿಸ್ಕೆಟ್ ಕೊಟ್ಟರು.

ನನ್ನ ಜೊತೆ ನಡೆಯಲು ಬಂದವಳು ಜೆ.ಪಿ. ನಗರದ ಕಡೆಯ ಒಬ್ಬ ಕಾಲೇಜು ಹುಡುಗಿ, ನಡಿಗೆಗೆ ಹೊಸಬಳು, ಗೋಧಿ ಬಣ್ಣದವಳು. ಹಿರಿಯರು ನಮ್ಮಿಬ್ಬರನ್ನು ಟೀಚರುಗಳಿಂದ ದೂರ ಕರೆದುಕೊಂಡು ಹೋಗಿ ಸೂಚನೆ ಕೊಟ್ಟರು. ಯಾರು ಸರಿ, ಯಾರು ತಪ್ಪು ಎಂದು ಟೀಚರುಗಳಿಗೆ ಹೇಳಿರಲಿಲ್ಲ, ಅವರೇ ನೋಡಿ ಕಂಡುಹಿಡಿಯಬೇಕು ಎಂದರು.

"ನೀನು ಕರೆಕ್ಟಾಗಿ ನಡಿ ಪುಟ್ಟಿ, ಸ್ಪೀಡ್ ಬೇಡ, ಟೆಕ್ನಿಕ್ ಮುಖ್ಯ" ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿದರು. "ನೀನು ನಿನ್ನ ಥರಾನೇ ನಡೆಯಮ್ಮ. ಸ್ವಲ್ಪ ಜಾಸ್ತಿ ಮಾಡಿ ತೋರ್ಸು, ಎಲ್ಲರಿಗೂ ಕಾಣೋ ಹಂಗೆ."

ಅವರು ನೋಯಿಸಲು ಹೇಳಿದ್ದಲ್ಲ. ಹೆಚ್ಚು ನೋವಾದದ್ದು ಅದಕ್ಕೇ. ನೋಯಿಸಲು ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ರಸ್ತೆಯ ತುದಿಯಲ್ಲಿ ನಿಂತು ಸೀಟಿಗೆ ಕಾಯುವಾಗ ತಾರಸಿಯ ಮೇಲಿನ ಕುಂಟಾಟ ನೆನಪಾಯಿತು. ಕುಂಟಬಹುದಿತ್ತು. ಒಂದು ಗಂಟೆ ಕುಂಟಿ, ಇನ್ನೊಂದು ಬಿಸ್ಕೆಟ್ ತಿಂದು, ನಮಸ್ಕಾರ ಮಾಡಿ ಬಂದರೆ ಅವರಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯವೇ ಉಳಿಯುತ್ತಿತ್ತು. ಆದರೆ ಈ ಹನ್ನೆರಡು ಮಂದಿ ನಾಳೆ ತೀರ್ಪುಗಾರರಾಗುತ್ತಾರೆ. ತಪ್ಪು ನಡಿಗೆ ಎಂದರೆ ಅವರ ಕಣ್ಣ ಮುಂದೆ ನಾನೇ ಬರುತ್ತೇನೆ. ನನ್ನ ಹಿಂದೆ ಬರುವ ನಮ್ಮ ಸಿದ್ದಿ ಹುಡುಗಿಯರೂ ಬರುತ್ತಾರೆ. ಸೀಟಿ ಊದಿದರು. ನಿನ್ನ ಥರಾನೇ ನಡೆ ಎಂದಿದ್ದರಲ್ಲ, ಹಾಗೇ ನಡೆದೆ.

ವಾರಗಟ್ಟಲೆ ಕಾಲು ಕುಟ್ಟಿಕೊಂಡು ನಡೆದವಳು ಅವತ್ತು ಹಳೆಯ ಲಯಕ್ಕೆ ಹೇಗೆ ಮರಳಿದೆನೋ ಗೊತ್ತಿಲ್ಲ. ಬಹುಶಃ ಗೆಲ್ಲಬೇಕಾದ್ದು ಏನೂ ಇರಲಿಲ್ಲ, ಅದಕ್ಕಿರಬೇಕು. ಹಿಮ್ಮಡಿ ಮೆತ್ತಗೆ ಕೂತಿತು, ಮಂಡಿ ನೆಟ್ಟಗೆ ನಿಂತಿತು, ಸೊಂಟ ಉರುಳಿತು. ಟೀಚರುಗಳ ಸಾಲಿನ ಮುಂದೆ ಹಾದುಹೋಗುವಷ್ಟರಲ್ಲಿ ಒಂದೊಂದಾಗಿ ಹಳದಿ ಫಲಕಗಳು ಮೇಲೆದ್ದವು. ಮಂಡಿಯ ಗುರುತು ನನ್ನ ಕಡೆಗೆ. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಇಳಿದ ಕೈ ಒಂದೂ ಇರಲಿಲ್ಲ.

ಹಿಂದಿನಿಂದ ಹಿರಿಯರ ದನಿ ಕೇಳಿಸುತ್ತಿತ್ತು. "ನೋಡಿದ್ರಲ್ಲ, ಹಿಮ್ಮಡಿ ಬಿದ್ದಾಗ ಮಂಡಿ ಎಲ್ಲಿದೆ? ಸಾಫ್ಟ್ ನೀ, ಸಡಿಲ ಮಂಡಿ ಅಂತೀವಿ ಇದನ್ನ. ಕ್ಲಿಯರ್ ಆಗಿ ಕಾಣ್ತಿದೆ."

ಮೂರು ಸಲ ಹೋಗಿ ಬಂದೆವು. ಮೂರನೆಯ ಸಲಕ್ಕೆ ಕಾಲೇಜು ಹುಡುಗಿ ಸುಸ್ತಾಗಿದ್ದಳು. ನನ್ನ ಮುಂದೆ ಸ್ವಲ್ಪ ಪಕ್ಕಕ್ಕೆ ಇದ್ದಳು, ಓರೆಯಿಂದ ನೋಡಿದರೇ ಗೊತ್ತಾಗುತ್ತಿತ್ತು. ಪಾಪ, ಪ್ರತಿ ಹೆಜ್ಜೆಗೂ ಮಂಡಿ ಕುಸಿಯುತ್ತಿತ್ತು. ಅವಳಿಗೆ ಒಂದು ಫಲಕವೂ ಏಳಲಿಲ್ಲ. ನನಗೆ ಮತ್ತೆ ಪೂರಾ ಸಾಲು.

ಅರ್ಧ ಕಟ್ಟಡದ ನೆರಳಿನಲ್ಲಿ ಎಲ್ಲರೂ ಸೇರಿದಾಗ ಹಿರಿಯರು ನನ್ನ ಬೆನ್ನು ತಟ್ಟಿದರು. "ತುಂಬಾ ಚೆನ್ನಾಗಿ ತೋರ್ಸಿದೆ ಕಣಮ್ಮ."

"ಸಾರ್, ನಾನು ಸರಿಯಾಗೇ ನಡೆದೆ."

"ಏನು?"

"ಮಂಡಿ ಮಡಿಚ್ಲಿಲ್ಲ ಸಾರ್. ಮೂರು ಸಲಾನೂ ಮಡಿಚ್ಲಿಲ್ಲ."

ಅವರು ನಕ್ಕರು. ಯಾರೋ ಇನ್ನಿಬ್ಬರು ನಕ್ಕರು. ಅಷ್ಟರಲ್ಲಿ ಕೋಚ್ ಸಾರ್ ಮುಂದೆ ಬಂದರು. ಅವರು ಪ್ರತಿ ನಡಿಗೆಯನ್ನೂ ಫೋನಿನಲ್ಲಿ ಹಿಡಿಯುವ ಅಭ್ಯಾಸದವರು, ಅವತ್ತೂ ರಸ್ತೆಯ ಆಚೆ ನಿಂತು ಹಿಡಿದಿದ್ದರು. ಬೇಡ ಎಂದುಕೊಂಡೇ ಬಂದಿರಬೇಕು, ಆದರೂ ಬಂದರು. ನಿಧಾನಕ್ಕೆ ಓಡಿಸಿದರು. ಟೋಪಿಗಳೆಲ್ಲ ಫೋನಿನ ಮೇಲೆ ಬಾಗಿದವು. ಹಿಮ್ಮಡಿ ಬಿತ್ತು, ಮಂಡಿ ನೆಟ್ಟಗಿತ್ತು. ಮತ್ತೆ ಬಿತ್ತು, ಮತ್ತೆ ನೆಟ್ಟಗಿತ್ತು. ಆಮೇಲೆ ಕಾಲೇಜು ಹುಡುಗಿಯ ಮೂರನೆಯ ನಡಿಗೆ ಬಂತು. ಅವಳು ತನ್ನ ಮಂಡಿಯನ್ನು ತಾನೇ ನೋಡಿ ಕೆಳಗೆ ಮುಖ ಹಾಕಿದಳು. ಅವಳದೇನೂ ತಪ್ಪಿರಲಿಲ್ಲ.

ಹಿರಿಯರು ಫೋನಿನಿಂದ ಕಣ್ಣು ಎತ್ತಿದರು. "ಫೋನ್ ನೋಡಿ ತೀರ್ಪು ಕೊಡೋ ಹಂಗಿಲ್ಲ. ಕಣ್ಣಲ್ಲೇ ನೋಡ್ಬೇಕು, ಅದು ರೂಲು."

"ಕಣ್ಣಲ್ಲಿ ನೋಡಿ ಅಂತಾನೇ ಸಾರ್ ನಾನು ಕೇಳ್ತಿರೋದು."

ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. ಅವರ ಮುಖ ಕೆಂಪಗಾಯಿತು. "ನಾನು ಹೇಳಿದ್ದು ಒಂದು, ನೀನು ಮಾಡಿದ್ದು ಒಂದು. ಮೋಸ ಅಲ್ವೇನಮ್ಮ ಇದು? ಫೌಲ್ ಮಾಡು ಅಂತ ಹೇಳಿರೋದ್ರಿಂದ ನಂಗೆ ಹಂಗೇ ಕಾಣ್ತು."

"ನಿನ್ನ ಥರಾನೇ ನಡಿ ಅಂದ್ರಿ ಸಾರ್. ನನ್ನ ಥರ ಇದೇ. ನಿಮಗೆ ನೀವೇ ಹೇಳ್ಕೊಂಡಿದ್ರಿ, ಹಂಗ್ ಕಾಣ್ತು. ಮೊದಲ್ನೇ ಸಲ ಇವರಿಗೆ ಯಾರು ಹೇಳಿದ್ರು?"

ಟೀಚರುಗಳು ಫಲಕಗಳನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದರು. ಕೊನೆಗೆ ವಯಸ್ಸಾದ ಟೀಚರಮ್ಮ ಒಬ್ಬರು, ಚೂಡಿದಾರದ ಮೇಲೆ ಬಿಳಿ ಬೂಟು ಹಾಕಿದ್ದವರು, ನನ್ನ ಕಡೆ ನೋಡದೆ ಹೇಳಿದರು.

"ನಾನು ಕಾಲು ನೋಡ್ಲೇ ಇಲ್ಲ ಸಾರ್. ಇವರನ್ನ ನೋಡ್ದೆ. ನೋಡಿದ ತಕ್ಷಣ ಕೈ ಎದ್ದೋಯ್ತು."

ಹಿರಿಯರು ವಾಚು ನೋಡಿಕೊಂಡು, "ಸರಿ, ಟೀ ಬ್ರೇಕ್ ತಗೊಳ್ಳಿ" ಎಂದರು. ಯಾರೂ ಕ್ಷಮೆ ಕೇಳಲಿಲ್ಲ. ಟೀಚರಮ್ಮ ನನಗೊಂದು ಲೋಟ ಟೀ ತಂದುಕೊಟ್ಟರು, ನಾನು ಕುಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕೋಚ್ ಸಾರ್ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಚಿಕ್ಕಲಸಂದ್ರ ಬರುವ ಹೊತ್ತಿಗೆ, "ಟ್ರಯಲ್ಸ್‌ಗೆ ಮುಂಚೆ ಬೇಕಿತ್ತಾ ಕಣಮ್ಮ ಇದು?" ಎಂದರು. ಬೇಕಿತ್ತು ಎನ್ನುವ ಧೈರ್ಯ ಆಗ ನನಗೂ ಉಳಿದಿರಲಿಲ್ಲ. ಇಷ್ಟು ಜನರ ಮುಂದೆ ತಲೆ ತಗ್ಗಿಸಬೇಕಾಗಿ ಬಂದ ಮನುಷ್ಯ ತಿರುವಿನಲ್ಲಿ ನಿಂತರೆ ನನಗೆ ಏನು ಕಾದಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಮಾನ ಮಾಡಿದವರು ಮರೆಯುತ್ತಾರೆ, ಆದವರು ಮರೆಯುವುದಿಲ್ಲ. ನಾನೇ ಮರೆತಿರಲಿಲ್ಲವಲ್ಲ.

ಆಯ್ಕೆಯ ಸ್ಪರ್ಧೆಯೂ ಅದೇ ರಸ್ತೆಯಲ್ಲಿ. ಎರಡು ತುದಿಗೆ ಕೋನ್ ಇಟ್ಟು, ಸುತ್ತಿ ಸುತ್ತಿ ಹತ್ತು ಕಿಲೋಮೀಟರು ನಡೆಯಬೇಕು. ಮೊದಲ ಮೂವರು ರಾಜ್ಯ ತಂಡಕ್ಕೆ ಹೋಗುತ್ತಾರೆ. ಹಿಂದಿನ ರಾತ್ರಿ ಕ್ಲಬ್ಬಿನ ಕಾರ್ಯದರ್ಶಿ ಫೋನು ಮಾಡಿ, ಆಲ್ ದಿ ಬೆಸ್ಟ್ ಎಂದು ಹೇಳಿ, ಒಪ್ಪಂದ ನೆನಪಿದೆಯಾ ಎಂದೂ ಕೇಳಿದ್ದರು.

ಎರಡನೆಯ ಸುತ್ತಿಗೇ ಬೋರ್ಡಿನ ಮೇಲೆ ನನ್ನ ನಂಬರಿನ ಎದುರು ಒಂದು ಕೆಂಪು ಕಂಡಿತು. ಮಂಡಿಗೆ. ಅದನ್ನು ಬರೆದವರು ಆಚೆ ತುದಿಯಲ್ಲಿ ನಿಂತಿದ್ದ ತೀರ್ಪುಗಾರರು, ಹಳಬರು, ತರಬೇತಿಯ ದಿನ ಇರಲಿಲ್ಲ. ಅರ್ಧ ದಾರಿಯಲ್ಲಿ ಎರಡನೆಯದು ಬಿತ್ತು. ಅದನ್ನು ಬರೆದವರೂ ಹಳಬರೇ. ಹಳದಿ ಫಲಕ ಕೂಡ ತೋರಿಸದೆ ಬರೆದಿದ್ದರು. ಇನ್ನೊಂದು ಬಿದ್ದರೆ ಮುಗಿಯಿತು, ಉಳಿದವರಲ್ಲಿ ತಿರುವಿನವರು ಒಬ್ಬರು. ಕೋಚ್ ಸಾರ್ ನೀರಿನ ಬಾಟಲಿ ಕೊಡುವಾಗ "ಸ್ಲೋ ಮಾಡು, ಸ್ಲೋ ಮಾಡು" ಎಂದರು. ಎರಡು ಕೆಂಪು ಬಿದ್ದವರು ಎಲ್ಲರೂ ಹಾಗೇ ಮಾಡುತ್ತಾರೆ, ತೀರ್ಪುಗಾರರ ಮುಂದೆ ಬಂದಾಗ ನಿಧಾನವಾಗುತ್ತಾರೆ. ನಾನು ಮಾಡಲಿಲ್ಲ. ಮಾಡದ ತಪ್ಪಿಗೆ ನಿಧಾನ ಮಾಡಿದರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಆ ಸುಸ್ತಿನಲ್ಲೂ ಹಟ ಬಂದಿತ್ತು.

ತಿರುವಿನ ಹತ್ತಿರ ಬಂದಾಗ ಒಂದು ಗಮನಿಸಿದೆ. ಹಿರಿಯರು ಹಿಂದಿನ ಸ್ಪರ್ಧೆಗಳಲ್ಲೆಲ್ಲ ಕೋನಿನ ಪಕ್ಕದಲ್ಲೇ, ನಮ್ಮ ಎದುರಿಗೆ ನಿಲ್ಲುತ್ತಿದ್ದರು. ಎದುರಿನಿಂದ ನೋಡಿದರೆ ಮುಖ ಕಾಣುತ್ತದೆ, ಎದೆ ಕಾಣುತ್ತದೆ, ಮಂಡಿ ಮಡಿಚಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅವತ್ತು ರಸ್ತೆ ದಾಟಿ ಆಚೆಯ ಫುಟ್‌ಪಾತಿನ ಅಂಚಿಗೆ ಹೋಗಿ, ನಮ್ಮನ್ನು ಪಕ್ಕದಿಂದ ನೋಡುವ ಹಾಗೆ ನಿಂತಿದ್ದರು. ಪುಸ್ತಕದಲ್ಲಿ ಹೇಳಿರುವ ಜಾಗ ಅದೇ. ನಾನು ಹಾದುಹೋಗುವಾಗ ಅವರ ದೃಷ್ಟಿ ನನ್ನ ಮುಖಕ್ಕೆ ಬರಲಿಲ್ಲ. ಪ್ರತಿ ಸುತ್ತಿನಲ್ಲೂ ನೋಡಿದೆ, ಪ್ರತಿ ಸುತ್ತಿನಲ್ಲೂ ಅವರು ಕೆಳಗೇ ನೋಡುತ್ತಿದ್ದರು. ಫಲಕ ಏಳಲಿಲ್ಲ.

ಕೊನೆಯ ಎರಡು ಸುತ್ತು ಉಳಿದಾಗ ನಾನು ಮೂರನೆಯವಳಾಗಿದ್ದೆ. ಹಿಂದೆ ಒಬ್ಬಳು ಅಂಟಿಕೊಂಡು ಬರುತ್ತಿದ್ದಳು. ಅವಳ ಉಸಿರು ಕಿವಿಗೆ ಬೀಳುತ್ತಿತ್ತು. ಅವಳನ್ನು ಹಿಂದೆ ಬಿಡೋಣವೆಂದು ವೇಗ ಹೆಚ್ಚಿಸಿದೆ. ಭುಜಗಳು ಮೇಲಕ್ಕೇರಿದವು. ಭುಜ ಏರಿದರೆ ಹೆಜ್ಜೆ ಹಗುರಾಗುತ್ತದೆ, ಹಗುರಾದರೆ ನೆಲ ಬಿಡುತ್ತದೆ. ತಿರುವಿಗೆ ಬರುವ ಮೊದಲೇ ನನಗೆ ಗೊತ್ತಾಗಿತ್ತು, ಎರಡು ಮೂರು ಹೆಜ್ಜೆ ನಾನು ನಡೆಯುತ್ತಿರಲಿಲ್ಲ. ಆಚೆಯ ಫುಟ್‌ಪಾತಿನಿಂದ ಹಳದಿ ಫಲಕ ಎದ್ದಿತು. ಅಲೆಯ ಗುರುತು. ನನ್ನ ನಂಬರನ್ನು ಕೂಗಿ ಹೇಳಿದರು.

ಆಗ ನನಗೆ ಆದದ್ದನ್ನು ಹೇಗೆ ಹೇಳಲಿ? ಮೂರನೆಯ ಕೆಂಪು ಬರೆದು ನನ್ನನ್ನು ಮನೆಗೆ ಕಳಿಸಬಹುದಿತ್ತು ಅವರು, ಬರೆಯಲಿಲ್ಲ. ಎಚ್ಚರಿಸಿದರು ಅಷ್ಟೆ. ಹಾಗೆಂದು ಸುಮ್ಮನೆ ಬಿಡಲೂ ಇಲ್ಲ. ನಾನು ನಿಜವಾಗಿ ಮಾಡಿದ ತಪ್ಪನ್ನು, ಮಾಡಿದ ಹೊತ್ತಿನಲ್ಲಿ, ಮಾಡಿದಷ್ಟೇ ನೋಡಿದ್ದರು. ಕಣ್ಣಿಗೆ ನೀರು ಬಂದು ದಾರಿ ಮಬ್ಬಾಯಿತು. ಭುಜ ಇಳಿಸಿದೆ, ಕೈ ಕೆಳಗೆ ತಂದೆ, ಹೆಜ್ಜೆ ಚಿಕ್ಕದು ಮಾಡಿದೆ. ಹಿಂದಿದ್ದವಳು ಪಕ್ಕಕ್ಕೆ ಬಂದಳು, ಮುಂದೆ ಹೋದಳು. ಅವಳನ್ನು ಮತ್ತೆ ಹಿಡಿಯಲಾಗಲಿಲ್ಲ.

ನಾಲ್ಕನೆಯವಳಾಗಿ ಮುಗಿಸಿದೆ. ತಂಡಕ್ಕೆ ಮೂವರು ಮಾತ್ರ.

ಫುಟ್‌ಪಾತಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾಗ ಕೋಚ್ ಸಾರ್ ಪಕ್ಕದಲ್ಲಿ ನಿಂತಿದ್ದರು. ಹಿರಿಯರು ಫಲಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆ ಕಡೆಯಿಂದ ಬಂದರು. ಡೆಮೋ ದಿನದ ಮಾತು ಎತ್ತುತ್ತಾರೇನೋ ಎಂದುಕೊಂಡೆ. ಎತ್ತಲಿಲ್ಲ.

"ಕೊನೇಲಿ ಭುಜ ಮೇಲಕ್ಕೆ ಹೋಯ್ತು. ಅಲ್ಲೇ ಲಿಫ್ಟ್ ಆಗೋದು, ನೆಲ ಬಿಡೋದು" ಎಂದರು.

"ಗೊತ್ತಾಯ್ತು ಸಾರ್." ಅವರು ಹೊರಡುವ ಮುಂಚೆ ಕೇಳಿಯೇಬಿಟ್ಟೆ. "ಮಂಡಿ ಸಾರ್?"

ಅವರು ಸ್ವಲ್ಪ ಹೊತ್ತು ನನ್ನ ಕಾಲನ್ನು ನೋಡಿದರು. ಆಮೇಲೆ ಮುಖವನ್ನು.

"ಮಂಡಿ ಸರಿಯಾಗಿದೆ" ಎಂದು ಹೇಳಿ ಬೋರ್ಡಿನ ಕಡೆ ನಡೆದರು. ಅಲ್ಲಿ ನನ್ನ ನಂಬರಿನ ಎದುರು ಎರಡು ಕೆಂಪು ಹಾಗೆಯೇ ಇದ್ದವು, ಒಬ್ಬ ಹುಡುಗ ಒದ್ದೆ ಬಟ್ಟೆಯಿಂದ ಬೋರ್ಡನ್ನು ಮೇಲಿನಿಂದ ಒರೆಸುತ್ತಾ ಬರುತ್ತಿದ್ದ.

ಕಾರ್ಯದರ್ಶಿಗೆ ಹೇಳಲು ಏನೂ ಉಳಿದಿರಲಿಲ್ಲ, ನಾನು ಹೊರಬಿದ್ದಿರಲಿಲ್ಲ. ಮುಂದಿನ ಸ್ಪರ್ಧೆಗೆ ನನ್ನ ಹೆಸರು ನಡಿಗೆಗೇ ಹೋಯಿತು. ತಂಡ ತಪ್ಪಿದ ಸಂಕಟ ಬಹಳ ದಿನ ಇತ್ತು, ಈಗಲೂ ಇದೆ. ಆದರೆ ಆ ನಾಲ್ಕನೆಯ ಜಾಗ ನನ್ನದೇ ತಪ್ಪಿನಿಂದ ಬಂದದ್ದು. ಅಂಥದ್ದೊಂದು ತಪ್ಪಿಗಾಗಿ ನಾನು ಎಷ್ಟು ಕಾದಿದ್ದೆ ಎಂದು ಯಾರಿಗೆ ಹೇಳಿದರೂ ಅರ್ಥವಾಗಲಿಕ್ಕಿಲ್ಲ. ಮಾರನೆಯ ಬೆಳಿಗ್ಗೆ ಕೋಚ್ ಸಾರ್ ಮತ್ತೆ ಕುರ್ಚಿ ತಂದು ತಾರಸಿಯಲ್ಲಿ ಕೂತರು. ನಾನು ಟ್ಯಾಂಕಿನ ಹತ್ತಿರ ಹೋಗಿ ನಿಂತೆ. "ಮಂಡಿ ವಿಷ್ಯ ಬಿಡು," ಎಂದರು ಅವರು, "ಭುಜ ಇಳ್ಸು."